ಟ್ಯಾಂಡಮ್ ಸ್ಪ್ರಿಂಟ್: ತಮ್ಮ ಹಿಂದಿನ ಸೀಟಿಗೆ ರೆಡಿ, ಮುಂದೆ ಯಾರು ಕೂರಬೇಕು?

ಕ್ಯಾತ್ಸಂದ್ರದ ಅಣ್ಣ:
ಎಲ್ಲರಿಗೂ ನಮಸ್ಕಾರ. ತಮ್ಮನಿಗೆ 19 ವರ್ಷ, ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನೋ ಕಣ್ಣಿನ ಕಾಯಿಲೆ ಇದೆ. ನೇರಕ್ಕೆ ಒಂದಿಷ್ಟು ಕಾಣುತ್ತದೆ, ಪಕ್ಕದ್ದು ಕಾಣಲ್ಲ, ಸಂಜೆಯಾದರೆ ಅದೂ ಇಲ್ಲ. ಎಂಟನೇ ಕ್ಲಾಸಿನವರೆಗೆ ಸೈಕಲ್‌ನಲ್ಲೇ ಸ್ಕೂಲಿಗೆ ಹೋಗುತ್ತಿದ್ದ, ಒಂದು ದಿನ ನಿಂತಿದ್ದ ಲಗೇಜ್ ಆಟೋಗೆ ಗುದ್ದಿದ ಮೇಲೆ ಅಮ್ಮ ಆ ಸೈಕಲ್ ಮಾರಿಬಿಟ್ಟರು. ಕಾಲಲ್ಲಿ ಕಸುವಿದೆ, 100 ಮೀಟರ್ ಓಡುತ್ತಾನೆ. ಈಗ ಟ್ಯಾಂಡಮ್ ಸ್ಪ್ರಿಂಟ್ ಹುಚ್ಚು ಹಿಡಿದಿದೆ, ಅದೇ, ಇಬ್ಬರು ತುಳಿಯೋ ಒಂದೇ ಸೈಕಲ್‌ನಲ್ಲಿ ಕಣ್ಣು ಕಾಣೋರು ಮುಂದೆ, ಕಾಣದೋರು ಹಿಂದೆ ಕೂತು ಟ್ರ್ಯಾಕಿನಲ್ಲಿ ಮಾಡೋ ರೇಸ್, ಮೊಬೈಲನ್ನ ಮೂಗಿಗೆ ಅಂಟಿಸಿಕೊಂಡು ಅದನ್ನೇ ನೋಡುತ್ತಾನೆ. ರೇಸ್ ಅಂತಾರೆ, ಮತ್ತೆ ಮೊದಲ ಸುತ್ತು ದೇವಸ್ಥಾನ ಸುತ್ತೋ ಥರ ನಿಧಾನ ಹೋಗ್ತಾರಲ್ಲ, ಯಾಕೆ? ಹಿಂದಿರೋನಿಗೆ ಸುಮ್ನೆ ತುಳಿಯೋದಷ್ಟೇ ಕೆಲಸಾನಾ? ಮುಂದೆ ನಾನೇ ಕೂರಬಹುದಾ? ನಾನು 54 ಕೆಜಿ, ಅವನು 70.

ಬಟವಾಡಿ ಪೈಲಟ್:
ನಿಧಾನಕ್ಕೆ ಕಾರಣ ಗಾಳಿ. ಮುಂದಿನ ಜೋಡಿ ಗಾಳಿ ಸೀಳಿಕೊಂಡು ಹೋಗಬೇಕು, ಹಿಂದಿನವರು ಅದರ ಮರೆಯಲ್ಲಿ ಆರಾಮಾಗಿ ಬಂದು ಕೊನೆಗೆ ಹಾರಿಬಿಡಬಹುದು. ಹಾಗಾಗಿ ನೀ ಹೋಗು, ನೀನೇ ಹೋಗು ಅಂತ ಆಟ. ಗಡಿಯಾರಕ್ಕೆ ಬೆಲೆ ಇರೋದು ಅರ್ಹತಾ ಸುತ್ತಿನಲ್ಲಿ ಮಾತ್ರ, ಅಲ್ಲಿ ಮೊದಲೇ ವೇಗ ಹಿಡಿದು ಬಂದು 200 ಮೀಟರ್ ಹೊಡೆಯಬೇಕು. ದೊಡ್ಡ ಜೋಡಿಗಳು ಅದನ್ನ 10 ಸೆಕೆಂಡಿನೊಳಗೆ ಮುಗಿಸುತ್ತವೆ, ಗಂಟೆಗೆ 72 ಕಿ.ಮೀ.ಗಿಂತ ಜಾಸ್ತಿ ಆಯ್ತು ನೋಡಿ, ಅದೂ ಬ್ರೇಕ್ ಇಲ್ಲದ ಸೈಕಲ್‌ನಲ್ಲಿ! ಆಮೇಲೆ ಜೋಡಿಗೆ ಜೋಡಿ ಎದುರುಬದುರು, ಯಾರ ಮುಂದಿನ ಚಕ್ರ ಮೊದಲು ಗೆರೆ ಮುಟ್ಟಿತು ಅಷ್ಟೇ ಲೆಕ್ಕ. ಟ್ಯಾಂಡಮ್ ಭಾರ, ಸಿಂಗಲ್ ಸೈಕಲ್ ಥರ ತಟ್ಟನೆ ಎಗರಲ್ಲ. ಒಮ್ಮೆ ವೇಗ ಎದ್ದಿತು ಅಂದರೆ ಹಿಡಿಯೋದು ಕಷ್ಟ.

54 ಕೆಜಿ ಅಂದ್ರಲ್ಲ, ಅದು ಬಿಡಿ. ನೀವು ತಮ್ಮನಷ್ಟು ಜೋರಾಗಿ ತುಳಿಯಬಲ್ಲಿರಾ? ಅಭ್ಯಾಸಕ್ಕೆ ನೀವು ಸಾಕು. ರೇಸಿಗೆ ಬೇರೆಯವರನ್ನ ಹುಡುಕಬೇಕಾಗಬಹುದು, ಬೇಜಾರು ಮಾಡ್ಕೋಬೇಡಿ.

ಹಿಂದಿನ ಸೀಟು:
ನನಗೆ ಪೂರ್ತಿ ಕಾಣಲ್ಲ, ಇದನ್ನ ಮೊಬೈಲಿಗೆ ಹೇಳಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಅದರದ್ದು. ಸುಮ್ನೆ ತುಳಿಯೋದಾ ಅಂದ್ರಲ್ಲ ಅಣ್ಣ, ಸ್ವಲ್ಪ ಸಿಟ್ಟು ಬಂತು 😄 ಚಿಕ್ಕಂದಿನಲ್ಲಿ ಡಬಲ್ಸ್ ಹೋಗುವಾಗ ಏರು ಬಂದರೆ ಕ್ಯಾರಿಯರ್ ಮೇಲಿದ್ದವನೂ ಕಾಲು ಚಾಚಿ ಪೆಡಲ್ ಒತ್ತುತ್ತಿದ್ದ ಅಲ್ವಾ? ಇಬ್ಬರೂ ಒಟ್ಟಿಗೆ ಒತ್ತದಿದ್ದರೆ ಏನಾಗುತ್ತಿತ್ತು? ಇಲ್ಲೂ ಅದೇ. ಪೈಲಟ್, ಅಂದರೆ ಮುಂದೆ ಕೂರೋನು, ಸೀಟಿಂದ ಎದ್ದಾಗ ನಾನೂ ಅದೇ ಕ್ಷಣ ಏಳಬೇಕು. ತಿರುವಿನಲ್ಲಿ ಅವನು ವಾಲಿದಷ್ಟೇ ನಾನೂ ವಾಲಬೇಕು, ಹೆದರಿ ಎದುರು ದಿಕ್ಕಿಗೆ ಎಳೆದರೆ ಇಬ್ಬರೂ ನೆಲಕ್ಕೆ. ನನ್ನ ಮೊದಲ ಪೈಲಟ್ ಮಾತೇ ಆಡುತ್ತಿರಲಿಲ್ಲ, ಒಂದು ಹಂಪ್ ಹೇಳದೆ ಹತ್ತಿಸಿದ, ಎರಡು ದಿನ ಕೂರೋಕಾಗಲಿಲ್ಲ. ಈಗಿನವನು "ಎದ್ದೆ", "ಎಡ", "ಹಂಪು" ಅಂತ ಒಂದೊಂದೇ ಪದ ಕೂಗುತ್ತಾನೆ, ಅಷ್ಟು ಸಾಕು.

ಸ್ಕಾಟ್ಲೆಂಡಿನ ನೀಲ್ ಫಾಚಿ ಬಗ್ಗೆ ತಮ್ಮನಿಗೆ ಹೇಳಿ. ಅವರಿಗೂ ಇದೇ ಕಾಯಿಲೆ, ಅವರೂ ಮೊದಲು ಓಟಗಾರರೇ, 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದ್ದರು. 2012ರಲ್ಲಿ ಲಂಡನ್ನಿನ ಸ್ಪ್ರಿಂಟ್ ಫೈನಲ್ಲಿನಲ್ಲಿ ಅವರನ್ನ ಸೋಲಿಸಿದ ಜೋಡಿಯ ಪೈಲಟ್ ಕ್ರೇಗ್ ಮೆಕ್ಲೀನ್. 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಅದೇ ಮೆಕ್ಲೀನ್ ಫಾಚಿಯ ಮುಂದೆ ಕೂತರು, ಸ್ಪ್ರಿಂಟೂ ಗೆದ್ದರು, ಗಡಿಯಾರದ ಎದುರು ಓಡಿಸೋ 1 ಕಿ.ಮೀ. ಟೈಮ್ ಟ್ರಯಲ್ಲೂ ಗೆದ್ದರು. ಪೈಲಟ್ ಅಂದರೆ ಏನು ಅಂತ ಇದರಲ್ಲೇ ಗೊತ್ತಾಗುತ್ತೆ.

ಒಂದು ಬೇಜಾರಿನ ವಿಷಯ, ಪ್ಯಾರಾಲಿಂಪಿಕ್ಸ್‌ನಲ್ಲಿ ಟ್ಯಾಂಡಮ್ ಸ್ಪ್ರಿಂಟ್ 2016ರಿಂದ ಇಲ್ಲ. ಅಲ್ಲಿ ಟ್ರ್ಯಾಕಿನಲ್ಲಿ ಟ್ಯಾಂಡಮ್‌ಗೆ ಟೈಮ್ ಟ್ರಯಲ್, ಆಮೇಲೆ ಎದುರುಬದುರು ಬದಿಯಿಂದ ಹೊರಟು ಬೆನ್ನಟ್ಟೋ ಪರ್ಸ್ಯೂಟ್ ಮಾತ್ರ.

ಗುಬ್ಬಿ ಗೇಟ್ ರಿಪೇರಿ:
ಟ್ರ್ಯಾಕ್ ಸೈಕಲ್‌ಗೆ ಫ್ರೀ ವೀಲ್ ಇರಲ್ಲ, ಚಕ್ರ ತಿರುಗುವಷ್ಟು ಹೊತ್ತೂ ನಾಲ್ಕು ಕಾಲೂ ತಿರುಗಲೇಬೇಕು. ಅದನ್ನ ರೋಡಿಗೆ ತರಬೇಡಿ. 250 ಮೀಟರಿನ ಟ್ರ್ಯಾಕ್ ಬೇಕೆಂದರೆ ದೆಹಲಿಯಲ್ಲಿದೆ, 2010ರ ಕಾಮನ್‌ವೆಲ್ತ್‌ಗೆ ಕಟ್ಟಿದ್ದು. ಅದು ಆಮೇಲಿನ ಮಾತು. ಈಗ ಬ್ರೇಕ್ ಇರುವ ರೋಡ್ ಟ್ಯಾಂಡಮ್ ಸಾಕು. ಅದರಲ್ಲಿ ಎಡಗಡೆ ಎರಡೂ ಪೆಡಲ್ ಜೋಡಿಸುವ ಚೈನ್ ಒಂದಿರುತ್ತೆ, ಹೊರಡೋ ಮುಂಚೆ ಅದನ್ನ ಬೆರಳಲ್ಲಿ ಒತ್ತಿ ನೋಡಿ. ತುಂಬಾ ಸಡಿಲ ಇದ್ದರೆ ಜೋರು ತುಳಿತಕ್ಕೆ ಕಳಚಿಕೊಳ್ಳುತ್ತೆ. ದೇವರಾಯನದುರ್ಗಕ್ಕೆ ಈಗಲೇ ಹೋಗಬೇಡಿ, ಇಳಿಜಾರಿನಲ್ಲಿ ಇಬ್ಬರ ಭಾರಕ್ಕೆ ಬ್ರೇಕ್ ಕಾದುಹೋಗುತ್ತೆ. ಖಾಲಿ ಲೇಔಟ್ ರಸ್ತೆ ನೋಡಿಕೊಳ್ಳಿ.

ಬಟವಾಡಿ ಪೈಲಟ್:
ನನ್ನ ಹತ್ತಿರ ಹಳೇ ಟ್ಯಾಂಡಮ್ ಇದೆ, ಭಾನುವಾರ ಬೆಳಿಗ್ಗೆ 6ಕ್ಕೆ ಬನ್ನಿ. ಮೊದಲು ನೀವು ಹಿಂದೆ ಕಣ್ಣು ಮುಚ್ಚಿಕೊಂಡು ಕೂರಿ, ನಾನು ಮುಂದೆ. ಆಮೇಲೆ ತಮ್ಮ.

ಕ್ಯಾತ್ಸಂದ್ರದ ಅಣ್ಣ:
ಸಾರಿ ಹಿಂದಿನ ಸೀಟು ಅವರೇ, ತಮ್ಮನಿಗೆ ಓದಿ ಹೇಳಿದೆ, ನಿಮ್ಮ ಪರವಾಗಿ ಅವನೂ ಬೈದ. ಭಾನುವಾರ ಬರುತ್ತೇವೆ. ಅಮ್ಮ ಒಪ್ಪಲ್ಲ ಅಂದುಕೊಂಡಿದ್ದೆ, ಹೆಲ್ಮೆಟ್ ಇದ್ದರೆ ಮಾತ್ರ ಅಂದಿದ್ದಾರೆ, ನೋಡೋಕೆ ಅವರೂ ಬರುತ್ತಾರಂತೆ. ಪೈಲಟ್ ಅವರೇ, ನಿಮ್ಮ ಹತ್ತಿರ ಹೆಲ್ಮೆಟ್ ಇದೆಯಾ, ಇಲ್ಲ ನಾವೇ ಎರಡು ತರಬೇಕಾ?