‘ದಾಯಾದಿ’ ಅಂದರೆ ಹೆಣ್ಣುಮಕ್ಕಳೂ ಸೇರುತ್ತಾರಾ?

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಊರಿನ ಜಮೀನಿನ ಕ್ರಯಪತ್ರದ ಕರಡನ್ನು ಮನೆಯವರೆಲ್ಲ ಕೂತು ಓದುತ್ತಿದ್ದೆವು. ‘ನಮ್ಮ ದಾಯಾದಿಗಳಾಗಲೀ ವಾರಸುದಾರರಾಗಲೀ ಮುಂದೆ ಯಾವ ತಕರಾರೂ ಮಾಡತಕ್ಕದ್ದಲ್ಲ’ ಅನ್ನುವ ಸಾಲು ಬಂತು. ಪತ್ರ ಬರೆಯುವವರ ಮಾಮೂಲಿ ಸಾಲು. ಸೋದರತ್ತೆ ಕನ್ನಡಕ ಸರಿಮಾಡಿಕೊಂಡು, ‘ಇದ್ರಲ್ಲಿ ನಾನ್ಯಾರು?’ ಅಂದರು. ಚಿಕ್ಕಪ್ಪ ನಕ್ಕು, ‘ಹೆಣ್ಮಕ್ಳು ಎಲ್ಲಾದ್ರೂ ದಾಯಾದಿ ಆಗ್ತಾರೇನಕ್ಕ?’ ಅಂದರು. ಅತ್ತೆ ನಗಲಿಲ್ಲ.

ಅವತ್ತಿನಿಂದ ಈ ಪದ ತಲೆಯಲ್ಲೇ ಕೂತಿದೆ. ‘ದಾಯ’ ಅಂದರೆ ಹಿರಿಯರಿಂದ ಬರುವ ಆಸ್ತಿ, ಪಾಲು. ಅದನ್ನು ಪಡೆಯುವವರು ದಾಯಾದಿಗಳು. ಮೂಲದ ಅರ್ಥ ಇಷ್ಟೇ. ವ್ಯಾಕರಣದ ಅಡ್ಡಿಯೂ ಇಲ್ಲ. ವಾರಸುದಾರ, ಪಾಲುದಾರ ಅಂದರೆ ಕೊನೆಗೆ ‘ಳು’ ಹಚ್ಚಬೇಕು. ದಾಯಾದಿಗೆ ಅದೂ ಬೇಡ, ‘ಅಪರಾಧಿ’ ಇದ್ದ ಹಾಗೆ ಇಬ್ಬರಿಗೂ ಸಲ್ಲುತ್ತದೆ. ಆದರೂ ‘ನನ್ನ ತಂಗಿ ನನ್ನ ದಾಯಾದಿ’ ಅಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ವಾ?

ಕಾನೂನು ಮಾತ್ರ ಎಂದೋ ಒಪ್ಪಿಯಾಗಿದೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಒಂದು ಕಾಯಿದೆ ಬಂದಿತ್ತು. ಕರ್ನಾಟಕ 1994ರಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂದಿತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ನಮ್ಮ ಅತ್ತೆ ಆ ಸಾಲಿನವರು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಗೆರೆ ಅಳಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು.

ಮನೆಯ ಲೆಕ್ಕ ಬೇರೆ. ನಮ್ಮಲ್ಲಿ ಸಾವಾದರೆ ದಾಯಾದಿಗಳಿಗೆ ಹತ್ತು ದಿನ ಸೂತಕ, ಕೊಟ್ಟ ಹೆಣ್ಣುಮಕ್ಕಳಿಗೆ ಮೂರೇ ದಿನ. ಹೊರಗಿನಿಂದ ಬಂದ ಸೊಸೆಗೆ ಹತ್ತು, ಅದೇ ಮನೆಯಲ್ಲಿ ಹುಟ್ಟಿದ ಮಗಳಿಗೆ ಮೂರು! ನನಗನ್ನಿಸುವ ಮಟ್ಟಿಗೆ ‘ದಾಯಾದಿ’ಯ ಅರ್ಥವನ್ನು ಹಿಡಿದಿಟ್ಟಿರುವುದು ಪಹಣಿಯಲ್ಲ, ಈ ಸೂತಕ. ಮಗಳಿಗೆ ಏನಾದರೂ ಕೊಟ್ಟರೂ ಅದಕ್ಕೆ ‘ಪಾಲು’ ಅನ್ನುವುದಿಲ್ಲ, ‘ಅರಿಶಿನ ಕುಂಕುಮಕ್ಕೆ’ ಅನ್ನುತ್ತಾರೆ. ಪಾಲಾದರೆ ಕೇಳಿ ಪಡೆಯಬಹುದು, ಅರಿಶಿನ ಕುಂಕುಮ ಅವರಾಗಿ ಕೊಟ್ಟಷ್ಟು.

ಇನ್ನು ‘ದಾಯಾದಿ ಮತ್ಸರ’ದಿಂದ ಪದಕ್ಕೆ ಕಹಿಯೂ ಅಂಟಿದೆ. ಪತ್ರಿಕೆಗಳು ಪಾಕಿಸ್ತಾನವನ್ನೂ ದಾಯಾದಿ ದೇಶ ಅನ್ನುತ್ತವೆ. ತಂಗಿಯನ್ನು ಹಾಗೆ ಕರೆಯಲು ಬಾಯಿ ಬಾರದಿರುವುದು ಪ್ರೀತಿಗೋ, ಪಾಲು ಕೊಡಬೇಕಾಗುತ್ತದೆ ಅಂತಲೋ? ಸುಮ್ನೆ ಕೇಳಿದೆ.

ಈಗ ನನ್ನ ಪ್ರಶ್ನೆ. ಅಕ್ಕ, ತಂಗಿ, ಮಗಳನ್ನು ದಾಯಾದಿ ಅಂದಿರುವ ಬಳಕೆಯನ್ನು ಯಾರಾದರೂ ಕೇಳಿದ್ದೀರಾ? ಹಳೆಯ ಪಾಲುಪಟ್ಟಿಯಲ್ಲಿದ್ದರೂ ಸರಿ. ಮುಖ್ಯವಾಗಿ ಉಡುಪಿ, ಮಂಗಳೂರು ಕಡೆಯವರು ಹೇಳಬೇಕು. ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದಲೇ ಇಳಿಯುತ್ತಿತ್ತು. ಅಲ್ಲಿ ದಾಯಾದಿ ಅಂತ ಯಾರನ್ನು ಕರೆಯುತ್ತಿದ್ದರು? ಅಥವಾ ಅಲ್ಲಿ ಬೇರೆಯೇ ಪದ ಇತ್ತಾ?

ಕರಡಿನ ಆ ಸಾಲು ಇನ್ನೂ ಹಾಗೇ ಇದೆ. ಅತ್ತೆ ಸಹಿ ಹಾಕಿಲ್ಲ.