ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್: ಗಡ್ಡೆ ತಲೆಭಾಗದಲ್ಲೋ ಬಾಲದಲ್ಲೋ ಅನ್ನುವುದರಿಂದ ಏನು ವ್ಯತ್ಯಾಸ?

ಪ್ರಶ್ನೆ: ನಮ್ಮ ಮಾವನವರಿಗೆ 62 ವರ್ಷ. ಪ್ಯಾಂಕ್ರಿಯಾಸಿನ ಬಾಲದ ಕಡೆ 3.5 ಸೆಂ.ಮೀ. ಗಡ್ಡೆ, ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ. ಸಿ.ಟಿ.ಯಲ್ಲಿ ಲಿವರ್ ಕ್ಲಿಯರ್ ಇದೆ. ತಲೆಭಾಗದ್ದಾಗಿದ್ರೆ ಪರವಾಗಿರಲಿಲ್ಲ, ಬಾಲದ್ದು ಅಂದ್ರೆ ಕಷ್ಟ ಅಂತಾರೆ. ನಿಜವಾ ಡಾಕ್ಟ್ರೇ?

ಉತ್ತರ (ಸರ್ಜಿಕಲ್ ಗ್ಯಾಸ್ಟ್ರೋ): ಅರ್ಧ ನಿಜ. ಎಲ್ಲ ರೋಗಿಗಳನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಬಾಲದವರ ಅಂಕಿ ಕೆಟ್ಟದಾಗಿಯೇ ಕಾಣುತ್ತದೆ. ಮುಖ್ಯ ಕಾರಣ, ಅದು ತಡವಾಗಿ ಸಿಗುವುದು. ಪಿತ್ತನಾಳ ಹಾದುಹೋಗುವುದು ತಲೆಭಾಗದ ಮೂಲಕ. ಅಲ್ಲಿ ಗಡ್ಡೆ ಚಿಕ್ಕದಿದ್ದಾಗಲೇ ನಾಳ ಒತ್ತಿ ಕಣ್ಣು ಹಳದಿಯಾಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಮೈ ತುರಿಸುತ್ತದೆ. ಬಾಲ ಇರುವುದು ಗುಲ್ಮದ (ಸ್ಪ್ಲೀನ್) ಪಕ್ಕ. ಅಲ್ಲಿ ಒತ್ತಲು ಅಂಥದ್ದೇನೂ ಇಲ್ಲ. ಬೆನ್ನುನೋವು, ತೂಕ ಇಳಿಕೆ, ಹೊಸದಾಗಿ ಶುಗರ್, ಇಷ್ಟೇ. ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ತಿಂಗಳುಗಳು ಕಳೆದು, ಗೊತ್ತಾಗುವ ಹೊತ್ತಿಗೆ ಎಷ್ಟೋ ಜನರಿಗೆ ಲಿವರ್‌ಗೆ ಹರಡಿರುತ್ತದೆ.

ಒಂದೇ ಹಂತದವರನ್ನು ಹೋಲಿಸಿದರೆ ಈ ಅಂತರ ಬಹಳ ಕುಗ್ಗುತ್ತದೆ. 3.5 ಸೆಂ.ಮೀ. ಅಂದರೆ ಟಿ2, ಅಂದರೆ ಗಡ್ಡೆಯ ಗಾತ್ರದಲ್ಲಿ ಎರಡನೇ ದರ್ಜೆ. ನೋಡಬೇಕಾದ್ದು ಸೀಲಿಯಾಕ್ ರಕ್ತನಾಳಕ್ಕೆ (ಲಿವರ್, ಜಠರ, ಗುಲ್ಮಕ್ಕೆ ರಕ್ತ ಒಯ್ಯುವ ದೊಡ್ಡ ನಾಳ) ತಾಗಿದೆಯೇ ಅನ್ನುವುದನ್ನು. ಬಾಲದ ಗಡ್ಡೆಯಲ್ಲಿ ಹೊಟ್ಟೆಯ ಪೊರೆಯ ಮೇಲೆ ಸಿ.ಟಿ.ಗೆ ಕಾಣದಷ್ಟು ಸಣ್ಣ ಕ್ಯಾನ್ಸರ್ ಕಾಳುಗಳಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಮೊದಲು ಲ್ಯಾಪರೋಸ್ಕೋಪ್ ಹಾಕಿ ನೋಡುತ್ತೀರಾ ಅಂತ ಸರ್ಜನ್‌ರನ್ನು ಕೇಳಿ. ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಗುಲ್ಮವೂ ಹೋಗುತ್ತದೆ. ಅದಿಲ್ಲದಿದ್ದರೆ ಸೋಂಕಿನ ಅಪಾಯ ಹೆಚ್ಚು, ಹಾಗಾಗಿ ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್ ಲಸಿಕೆಗಳು ಕನಿಷ್ಠ 2 ವಾರ ಮೊದಲೇ ಆಗಿರಲಿ. ಇದು ಮರೆತುಹೋಗುವುದೇ ಹೆಚ್ಚು.

ಆಮೇಲೆ ಕೀಮೋ ತಪ್ಪಿಸಬಾರದು. 2018ರಲ್ಲಿ ಪ್ರಕಟವಾದ ಪ್ರಾಡೀಜ್ 24 ಅಧ್ಯಯನದಲ್ಲಿ, ಆಪರೇಷನ್ ಆದ ಗಟ್ಟಿಮುಟ್ಟಾದ ರೋಗಿಗಳಿಗೆ 24 ವಾರ ಮಾಡಿಫೈಡ್ ಫಾಲ್ಫಿರಿನಾಕ್ಸ್ (ಹಲವು ಔಷಧಿ ಸೇರಿಸಿದ ಕೀಮೋ) ಕೊಟ್ಟಾಗ ಮೀಡಿಯನ್ ಆಯಸ್ಸು (ಅರ್ಧದಷ್ಟು ಜನ ದಾಟಿದ ಅವಧಿ) 54 ತಿಂಗಳು, ಜೆಮ್ಸಿಟಾಬಿನ್ ಅನ್ನುವ ಒಂದೇ ಕೀಮೋ ಔಷಧಿ ಕೊಟ್ಟವರಲ್ಲಿ 35.

ಪ್ರಶ್ನೆ: ಮೇಡಂ, ನಮ್ಮಮ್ಮನಿಗೆ ತಲೆಭಾಗದಲ್ಲಿದೆ. ಬಿಲಿರುಬಿನ್ (ಜಾಂಡೀಸ್ ಅಳತೆ) 11, ಸಿಎ 19-9 (ಕ್ಯಾನ್ಸರ್ ಸೂಚಿಸುವ ರಕ್ತಪರೀಕ್ಷೆ) ಒಂಬೈನೂರು. ಹರಡಿದೆ ಅಂತಾನಾ?

ಉತ್ತರ: ಆ ಅಂಕಿಯಿಂದ ಹಾಗೆ ಹೇಳಲಾಗುವುದಿಲ್ಲ. ಪಿತ್ತ ಕಟ್ಟಿಕೊಂಡರೆ ಅದರಿಂದಲೇ ಸಿಎ 19-9 ಏರುತ್ತದೆ. ಜಾಂಡೀಸ್ ಇಳಿದ ಮೇಲೆ ಮತ್ತೊಮ್ಮೆ ಮಾಡಿಸಿ. ಪ್ಯಾಂಕ್ರಿಯಾಸ್ ಪ್ರೋಟೋಕಾಲ್ ಸಿ.ಟಿ. (ಪ್ಯಾಂಕ್ರಿಯಾಸನ್ನೇ ಸೂಕ್ಷ್ಮವಾಗಿ ನೋಡುವ ಸ್ಕ್ಯಾನ್) ಮಾತ್ರ ಸ್ಟೆಂಟ್ (ಪಿತ್ತನಾಳ ತೆರೆದಿಡುವ ಕೊಳವೆ) ಹಾಕುವ ಮೊದಲೇ ಆಗಲಿ. ಸ್ಟೆಂಟ್ ಆದಮೇಲಿನ ಊತದಲ್ಲಿ ಗಡ್ಡೆಯ ಅಂಚು ಕಲಸಿಹೋಗುತ್ತದೆ. ಚಳಿಜ್ವರ ಇಲ್ಲದೆ, ಒಂದು ವಾರದೊಳಗೆ ಆಪರೇಷನ್ ಆಗುವುದಾದರೆ, 11ಕ್ಕೆ ಸ್ಟೆಂಟ್ ಬೇಕೇಬೇಕೆಂದಿಲ್ಲ. ನೋವಿಲ್ಲದ ಜಾಂಡೀಸ್‌ಗೆ ನಾಟಿ ಔಷಧಿ ಅಂತ ಒಂದು ತಿಂಗಳು ಕೂತರೆ, ತಲೆಭಾಗದ ಗಡ್ಡೆ ಬೇಗ ಸಿಕ್ಕಿದ ಲಾಭವೆಲ್ಲ ಹೋಯಿತು.

ತಲೆಭಾಗದಲ್ಲೂ ಎಲ್ಲ ಜಾಗ ಒಂದೇ ಅಲ್ಲ. ರಿಪೋರ್ಟಿನಲ್ಲಿ ‘ಅನ್ಸಿನೇಟ್’ (ತಲೆಭಾಗದ ಕೊಕ್ಕೆಯಂಥ ಚಾಚು) ಅಂತಿದ್ದರೆ ಜಾಂಡೀಸ್ ತಡವಾಗಿ ಬರುತ್ತದೆ, ಕರುಳಿನ ದೊಡ್ಡ ರಕ್ತನಾಳಗಳು ಪಕ್ಕದಲ್ಲೇ ಇರುತ್ತವೆ.

ಪ್ರಶ್ನೆ: ನಮ್ಮ ರಿಪೋರ್ಟಿನಲ್ಲಿ ‘ಆಂಪುಲ್ಲರಿ’ ಅಂತಿದೆ. ಅದೂ ಇದೇನಾ?

ಉತ್ತರ: ಅಲ್ಲ. ಪಿತ್ತನಾಳ ಕರುಳಿಗೆ ತೆರೆಯುವ ಬಾಯಲ್ಲಿ ಹುಟ್ಟುವ ಬೇರೆ ಕ್ಯಾನ್ಸರ್ ಅದು. ಆಪರೇಷನ್ ಮಾತ್ರ ಪ್ಯಾಂಕ್ರಿಯಾಸ್ ತಲೆಭಾಗದ ಗಡ್ಡೆಗೆ ಮಾಡುವ ವಿಪ್ಪಲ್ (ತಲೆಭಾಗ, ಪಕ್ಕದ ಕರುಳು, ಪಿತ್ತನಾಳ ತೆಗೆಯುವುದು), ಫಲಿತಾಂಶ ಸಾಮಾನ್ಯವಾಗಿ ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗಿಂತ ಉತ್ತಮ. ಖಚಿತವಾಗುವುದು ಆಪರೇಷನ್ ನಂತರದ ಪ್ಯಾಥಾಲಜಿಯಲ್ಲಿ: ಹುಟ್ಟಿದ ಜಾಗ, ಅಂಚು ಕ್ಲಿಯರ್ ಇದೆಯೇ, ಪರೀಕ್ಷಿಸಿದ ಲಿಂಫ್ ಗಂಟುಗಳೆಷ್ಟು (12ಕ್ಕೆ ಕಡಿಮೆ ಇರಬಾರದು), ಎಷ್ಟರಲ್ಲಿ ಕ್ಯಾನ್ಸರ್ ಇದೆ. ಆ ಪುಟದ ಫೋಟೋ ಇಲ್ಲಿ ಹಾಕುವಾಗ ಹೆಸರು, ಆಸ್ಪತ್ರೆ ನಂಬರ್ ಮುಚ್ಚಿ ಹಾಕಿ.