ಜಾಮ್ ಆದ ಪ್ರೊಪೆಲ್ಲರ್: ಕಾಸಬೇಕೋ, ಎಳೀಬೇಕೋ?

ಹೊಳಿದಂಡಿ, ಹಾವೇರಿ: ಗಳಗನಾಥದ ಹತ್ರ, ವರದಾ ತುಂಗಭದ್ರಾ ಕೂಡೂ ಕಡೆ ನಮ್ಮ ಹೊಲ. ಕಾರವಾರದಿಂದ 15 ಹೆಚ್‌ಪಿ ಹಳೇ ಔಟ್‌ಬೋರ್ಡ್ ಮೋಟರ್ (ದೋಣಿ ಹಿಂದ ಕೂಡಸೂದು) ತಂದೀನಿ. ಎಂಜಿನ್ ಚಾಲೂ ಆತು, ಪ್ರೊಪೆಲ್ಲರ್ ಮಾತ್ರ ಶಾಫ್ಟ್ ಬಿಟ್ಟು ಕದಲವಲ್ದು. ಕಾಟರ್ ಪಿನ್ನು, ನಟ್ಟು, ವಾಷರ್ ತಗದೀನಿ. ಹಬ್ (ಪ್ರೊಪೆಲ್ಲರಿನ ನಡುವಿನ ಗಡ್ಡಿ, ಶಾಫ್ಟ್ ಹೋಗೂ ತೂತಿರೂದು) ಬಾಯಾಗ ಸುಣ್ಣದಂಥ ಬಿಳಿ ಪುಡಿ ಕೂತೈತಿ. ಎಂಟು ದಿನ ಎಣ್ಣಿ ಬಿಟ್ಟು ನೋಡಿದೆ. ಮುಂದೇನು ಮಾಡ್ಲಿ?

ಲೇತ್ ಅಣ್ಣ, ಗೋಕುಲ ರೋಡ್: ಉಪ್ಪುನೀರಿನ್ಯಾಗ ಅಲ್ಯುಮಿನಿಯಂ ಮತ್ತ ಸ್ಟೇನ್‌ಲೆಸ್ ಕೂಡಿದ್ರ ಅಲ್ಯುಮಿನಿಯಂ ಸವದು ಹಂಗ ಪುಡಿ ಆಗತೈತಿ. ಹಬ್ ಕಾಸ್ರಿ, ಕಟಗಿ ತುಂಡು ಕೊಟ್ಟು ಬಡೀರಿ. ಬರ್ತೈತಿ.

ಗದಗ ಪಂಪ್‌ಸೆಟ್: "ಕಾಸ್ರಿ" ಅಂತ ಹೇಳೂದು ಸುಲಭ. ಕಾಸಿದ್ರ ಲೋಹ ಒಳಗೂ ಉಬ್ಬತೈತಿ, ತೂತು ಸಣ್ಣದಾಗಿ ಇನ್ನಷ್ಟು ಬಿಗೀತೈತಿ. 22 ವರ್ಷ ಪಂಪಿನ ಇಂಪೆಲ್ಲರ್ ಬಿಚ್ಚೀನಿ, ಒಮ್ಮೆನೂ ಬೆಂಕಿ ಮುಟ್ಟಿಸಿಲ್ಲ.

ಲೇತ್ ಅಣ್ಣ: ತೂತು ಸಣ್ಣದಾಗತೈತಾ? ಚಕ್ಕಡಿ ಗಾಲಿಗೆ ಹಳಿ ಹಾಕೂದು ನೋಡೀರಿಲ್ಲೋ? ಕಂಬಾರ ಹಳಿ ಕೆಂಪಗ ಕಾಸಿ ಗಾಲಿ ಮ್ಯಾಲ ಇಳಸ್ತಾನ, ನೀರು ಸುರುವಿದ ಕೂಡ್ಲೇ ಚರ್ ಅಂತ ಬಿಗೀತೈತಿ. ಕಾಸಿದ್ರ ಸಣ್ಣದಾಗೂದಿದ್ರ ಹಳಿ ಗಾಲಿ ಮ್ಯಾಲ ಇಳೀತಿತ್ತೇನು?

ಗದಗ ಪಂಪ್‌ಸೆಟ್: ಹಳಿ ಅಂದ್ರ ತೆಳ್ಳನ ಪಟ್ಟಿ. ಹಬ್ ದಪ್ಪ. ಎರಡಕ್ಕೂ ಒಂದ ಲೆಕ್ಕ ಹೆಂಗ?

ಸಪ್ತಾಪುರ ಸರ್, ಧಾರವಾಡ: ದಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದೇ ಸಮ ಕಾಯ್ದರೆ ತೂತು ಕೂಡ ಲೋಹದ ಪ್ರಮಾಣದಲ್ಲೇ ಹಿಗ್ಗುತ್ತದೆ. 30 ಮಿ.ಮೀ. ತೂತಿನ ಅಲ್ಯುಮಿನಿಯಂ ಹಬ್ 100 ಡಿಗ್ರಿ ಬಿಸಿಯೇರಿದರೆ ತೂತು ಸುಮಾರು 0.07 ಮಿ.ಮೀ. ದೊಡ್ಡದಾಗುತ್ತದೆ. ಶಾಫ್ಟ್ ತಣ್ಣಗಿರಬೇಕು, ಅಷ್ಟೇ.

ಗದಗ ಪಂಪ್‌ಸೆಟ್: "ಒಂದೇ ಸಮ" ಅಂದ್ರಲ್ಲ ಸರ, ಟಾರ್ಚ್ ಒಂದ ಕಡೆ ಹಿಡದ್ರ ಒಂದೇ ಸಮ ಹೆಂಗ ಕಾಯ್ತೈತಿ? ಅದೂ ಕೂದಲೆಳಿಯಷ್ಟು ಸಂದಿಗೆ!

ಲೇತ್ ಅಣ್ಣ: ಕೂದಲೆಳಿಯಷ್ಟ ಸಾಕ್ರೀ. ಬೇರಿಂಗ್ ಎಣ್ಣ್ಯಾಗ ಕಾಸಿ ಶಾಫ್ಟಿಗೆ ಏರಸೂದು ಅಷ್ಟ ಸಂದಿನ ಮ್ಯಾಲ. ದಿನಾ ಮಾಡ್ತೀನಿ ನಾ. ಗೊತ್ತಿಲ್ಲದಿದ್ರ ಸುಮ್ನಿರ್ರಿ.

ಗದಗ ಪಂಪ್‌ಸೆಟ್: ಸುಮ್ನಿರಾಕ ನಿಮ್ಮ ಅಂಗಡಿ ಹುಡುಗ ಅಲ್ಲ ನಾ. ಮಾತು ನೆಟ್ಟಗಿರ್ಲಿ.

ಕಡಲ ಮಗಳು, ಈಗ ಹುಬ್ಬಳ್ಳಿ: ನಮ್ಮಪ್ಪ ದೋಣಿ ನಡೆಸ್ತಿದ್ರು. ಈ ಅಳತೆಯ ಮೋಟರಿನ ಹಬ್ ಒಳಗೆ ಸಾಮಾನ್ಯವಾಗಿ ರಬ್ಬರ್ ಬುಷ್ ಇರುತ್ತೆ, ಪ್ರೊಪೆಲ್ಲರ್ ಕಲ್ಲಿಗೆ ಬಡಿದರೆ ಗೇರ್ ಉಳೀಲಿ ಅಂತ. ಶಾಫ್ಟಿಗೆ ಅಂಟಿರೋದು ರಬ್ಬರಿನ ಒಳಗಿರೋ ಹಿತ್ತಾಳೆ ತೋಳು. ಹೊರಗಿಂದ ಕಾಸಿದರೆ ಬಿಸಿ ಒಳಗೆ ಮುಟ್ಟೋ ಮೊದಲೇ ರಬ್ಬರ್ ಸುಡುತ್ತೆ, ಗೇರಿಗೆ ನೀರು ಹೋಗದಂತೆ ತಡೆಯೋ ಹಿಂದಿನ ಆಯಿಲ್ ಸೀಲೂ ಹೋಗುತ್ತೆ. ಶಾಫ್ಟ್ ತುದಿಗೆ ಬಡಿದರೆ ಥ್ರೆಡ್ ಹೋಗುತ್ತೆ, ಬೇರಿಂಗಿಗೂ ಏಟು. ಪುಲ್ಲರ್ (ಸ್ಕ್ರೂ ತಿರುಗಿಸಿ ಹಬ್ ಹೊರಗೆ ಎಳೆಯೋ ಸಲಕರಣೆ) ಹಾಕಿ ಬಿಗಿದು ರಾತ್ರಿಯಿಡೀ ಬಿಡಿ.

ಗದಗ ಪಂಪ್‌ಸೆಟ್: "ಸೀಲೂ ಹೋಗುತ್ತೆ". ಇದನ್ನ ಮೊದಲಿಂದ ಹೇಳಾಕತ್ತೀನಿ, ಬೆಂಕಿ ಬ್ಯಾಡ ಅಂತ!

ಲೇತ್ ಅಣ್ಣ: ನೀವು ಹೇಳಿದ್ದು ತೂತು ಸಣ್ಣದಾಗತೈತಿ ಅಂತ. ಸೀಲಿನ ಹೆಸರೂ ಎತ್ತಿಲ್ಲ. ಹಳಿ ಮಾತಿಗೆ ಉತ್ತರ ಕೊಡ್ರಿ.

ಸಪ್ತಾಪುರ ಸರ್: ರಬ್ಬರ್ ಇದ್ದರೂ ಹಿಗ್ಗುವ ನಿಯಮ ಬದಲಾಗುವುದಿಲ್ಲ.

ಕಡಲ ಮಗಳು: ನಿಯಮ ಯಾರು ಬದಲಾಯಿಸಿದರು ಸರ್? ಹಿಗ್ಗೋದು ಅಂಟದೇ ಇರೋ ಹಬ್ಬು ಅಂದೆ.

ಹೊಳಿದಂಡಿ: ಅಕ್ಕಾರ, ಪುಲ್ಲರ್ ಹಾಕಿ ರಾತ್ರಿ ಬಿಟ್ಟೆ. ಮುಂಜಾನೆ ರಬ್ಬರ್ ಹರದು ಹಬ್ ಹೊರಗ ಬಂತು, ಹಿತ್ತಾಳಿ ತೋಳು ಶಾಫ್ಟ್ ಮ್ಯಾಲ ಉಳೀತು. ಸ್ಪ್ಲೈನಿಗೆ (ಶಾಫ್ಟ್ ಮ್ಯಾಲಿನ ಉದ್ದುದ್ದ ಹಲ್ಲು) ತಾಗದಂಗ ಹ್ಯಾಕ್ಸಾ ಬ್ಲೇಡಿಂದ ಉದ್ದಕ ಗೀರಿ, ಸೀಲಿಗೆ ಹಸಿ ಅರಬಿ ಸುತ್ತಿ, ಎರಡು ನಿಮಿಷ ಟಾರ್ಚ್ ಹಿಡದೆ. ಉಳಿ ಕೊಟ್ಟ ಮ್ಯಾಲ ಬಿಚ್ಚಿತು. ಸ್ಪ್ಲೈನ್ ಉಳದಾವ. ಗೇರ್ ಎಣ್ಣಿ ಮಾತ್ರ ಹಾಲಿನಂಗ ಬೆಳ್ಳಗ ಬಂತು, ಅಂದ್ರ ನೀರು ಮೊದಲ ಹೊಕ್ಕೈತಿ. ಸೀಲ್ ಹೊಸಾದು ಹಾಕೂದ.

ಲೇತ್ ಅಣ್ಣ: ಟಾರ್ಚ್ ಹಿಡದ ಮ್ಯಾಲ ಬಂತಲ್ಲ? ಆತು.

ಗದಗ ಪಂಪ್‌ಸೆಟ್: ಬ್ಲೇಡಿಂದ ಗೀರಿದ್ದಕ್ಕ ಬಂತು. ಹಳಿ ತೆಳ್ಳಗಿರ್ತೈತಿ ಅಂದದ್ದು ಈಗೂ ನನ್ನ ಮಾತು.